ಹತ್ತು ವರ್ಷದ ಬ್ಯಾಟರಿ

ನಮ್ಮ ಮನೆಯಲ್ಲಿ ಯಾವ ತೀರ್ಮಾನವೂ ಬಾಯಿಮಾತಿನಲ್ಲಿ ಆಗುವುದಿಲ್ಲ. ಅಮ್ಮ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಉತ್ತರ ಸರಿಯಿದ್ದರೂ ನಡುವಿನ ಹೆಜ್ಜೆಗಳನ್ನು ಬರೆಯದೆ ಹಾರಿಸಿದರೆ ಅರ್ಧ ಅಂಕ ಕಿತ್ತುಕೊಳ್ಳುತ್ತಿದ್ದಳು. ಮಕ್ಕಳು ಬೆನ್ನ ಹಿಂದೆ ಅವಳನ್ನು ಸ್ಟೆಪ್ ಟೀಚರ್ ಅನ್ನುತ್ತಿದ್ದರು. ಶಾಲೆಯ ಕಾಯಿದೆ ಮನೆಗೂ ಬಂತು. ಈಗಿಲ್ಲದ ಅಪ್ಪ ಸ್ಕೂಟರ್ ಕೊಂಡಾಗ, ಅಣ್ಣ ಮನೆ ಬದಲಿಸಿದಾಗ, ತಂಗಿ ಇಬ್ಬರಲ್ಲಿ ಯಾರನ್ನು ಮದುವೆಯಾಗಲಿ ಎಂದು ತಿಣುಕುತ್ತಿದ್ದಾಗ ಕೂಡ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಇದು ಬಲಕ್ಕೆ ಅದು ಎಂದು ಬರೆದು, ಕೆಳಗೆ ಎಲ್ಲರೂ ಸಹಿ ಹಾಕಿದ್ದೇವೆ. ತಂಗಿಯ ಗಂಡ ಇವತ್ತಿಗೂ ಹೇಳುತ್ತಾನೆ, "ನಾನು ಎರಡೂವರೆ ಅಂಕದಲ್ಲಿ ಪಾಸಾದ ಅಳಿಯ."

ಅಮ್ಮನ ಆಕ್ಸಿಜನ್ ಮೆಷಿನ್‌ಗೆ ಬ್ಯಾಟರಿ ಹಾಕಿಸಬೇಕು ಎಂದಾಗ ಹಾಳೆ ನನ್ನ ಕೈಗೆ ಬಂತು.

ಮೆಷಿನ್ ಬಂದು ಎಂಟು ತಿಂಗಳಾಗಿತ್ತು. ಅವಳ ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗಾಗಿದೆ ಎಂದಿದ್ದರು ಡಾಕ್ಟರು. ಹೊರಗೆ ಕಾರಿಡಾರಿನಲ್ಲಿ ನನ್ನೊಬ್ಬಳಿಗೇ, "ಎರಡು ವರ್ಷ, ಮೂರು ವರ್ಷ. ಚೆನ್ನಾಗಿ ನೋಡಿಕೊಂಡರೆ ಇನ್ನೂ ಸ್ವಲ್ಪ" ಎಂದಿದ್ದರು. ಚಿಕ್ಕ ಸೂಟ್‌ಕೇಸಿನಷ್ಟಿದ್ದ ಆ ಮೆಷಿನ್ ಮಂಚದ ಪಕ್ಕ ನಿಂತು ಹಗಲೂ ರಾತ್ರಿ ಗುರುಗುಟ್ಟುತ್ತ, ಕೋಣೆಯ ಗಾಳಿಯಿಂದ ಆಕ್ಸಿಜನ್ ಸೋಸಿ ನಳಿಕೆಯಲ್ಲಿ ಅವಳ ಮೂಗಿಗೆ ಕಳಿಸುತ್ತಿತ್ತು. ಕರೆಂಟ್ ಹೋದರೆ ಕೀರಲು ದನಿಯಲ್ಲಿ ಕೂಗಿ ನಿಂತುಬಿಡುತ್ತಿತ್ತು. ಆಗ ನಾನು ಎಲ್ಲಿದ್ದರೂ ಓಡಿಬರಬೇಕು. ಒದ್ದೆ ಕೈಯಾದರೆ ಒರೆಸಿಕೊಂಡು, ಸ್ನಾನದಲ್ಲಿದ್ದರೆ ಸುತ್ತಿಕೊಂಡು ಬಂದು, ನಳಿಕೆಯನ್ನು ಮೆಷಿನ್‌ನಿಂದ ಬಿಡಿಸಿ ಸಿಲಿಂಡರಿಗೆ ಸಿಕ್ಕಿಸಬೇಕು. ನಮ್ಮ ಬೀದಿಯಲ್ಲಿ ಕರೆಂಟ್ ದಿನಕ್ಕೊಮ್ಮೆ ಹೋಗುತ್ತದೆ. ಕೆಲವು ದಿನ ಎರಡು ಗಂಟೆ, ಕೆಲವು ದಿನ ಐದು.

ಎಂಟು ತಿಂಗಳಿಂದ ನಾನು ಸಂಬಳವಿಲ್ಲದ ರಜೆಯಲ್ಲಿದ್ದೆ. ತೂಕದ ಯಂತ್ರ ಮಾಡುವ ಕಾರ್ಖಾನೆಯಲ್ಲಿ ನನ್ನ ಕೆಲಸ. ಮಾರಾಟಕ್ಕೆ ಹೋಗುವ ಪ್ರತಿ ಯಂತ್ರದ ಮೇಲೂ ನಿಖರವಾದ ತೂಕದ ಬಟ್ಟುಗಳನ್ನಿಟ್ಟು ಅದು ಸುಳ್ಳು ಹೇಳುತ್ತಿಲ್ಲವೆಂದು ನೋಡಿ ಮುದ್ರೆ ಒತ್ತುವುದು. ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಬೆವರೂ ತೂಗುತ್ತದೆ. ಹತ್ತಿಯ ಕೈಗವಸು, ಒಂದೇ ಹದದ ತಂಪು, ಮುಚ್ಚಿದ ಕಿಟಕಿ. ಇಪ್ಪತ್ತಮೂರು ವರ್ಷ ಆ ಕೋಣೆಯಲ್ಲಿದ್ದೆ. ಮದುವೆಯಾಗದ ನನ್ನನ್ನು ನೆಂಟರು ಪಾಪ ಎಂದಾಗಲೆಲ್ಲ ನನಗೆ ಆ ಕೋಣೆ ನೆನಪಾಗಿ, ಪಾಪ ಯಾಕೆ ಅನಿಸುತ್ತಿತ್ತು.

ಮೇಲ್ವಿಚಾರಕಿ ಫೋನ್ ಮಾಡಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಒಳ್ಳೆಯವಳು.

"ಅಕ್ಕ, ಇನ್ನು ನನ್ನ ಕೈಲಿ ತಡೆಯೋಕಾಗಲ್ಲ. ಒಂದನೇ ತಾರೀಕು ಬರ್ತೀರಾ ಇಲ್ವಾ ಹೇಳಿಬಿಡಿ. ನಿಮ್ಮ ಜಾಗದಲ್ಲಿ ಕೂರ್ತಿರೋ ಹುಡುಗೀನ ಖಾಯಂ ಮಾಡ್ತಾರಂತೆ."

"ಹೇಗೆ ಮಾಡ್ತಾಳೆ ಕೆಲಸ?"

"ಚೆನ್ನಾಗೇ ಮಾಡ್ತಾಳೆ. ಅದೇ ತೊಂದರೆ."

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಆ ಕೋಣೆ ಬಿಟ್ಟರೆ ಬೇರೆ ಕೋಣೆ ಸಿಗುವುದಿಲ್ಲ. ಹಗಲು ಅಮ್ಮನನ್ನು ನೋಡಿಕೊಳ್ಳಲು ಒಂದು ಏಜೆನ್ಸಿಯವರ ಆಯಾ ಸಿಗುತ್ತಿದ್ದಳು. ಆದರೆ ಏಜೆನ್ಸಿಯ ಕರಾರಿನಲ್ಲಿ ಒಂದು ಷರತ್ತು: ಆಯಾ ಸ್ನಾನ ಮಾಡಿಸುತ್ತಾಳೆ, ಊಟ ಕೊಡುತ್ತಾಳೆ, ಸಿಲಿಂಡರ್ ಮುಟ್ಟುವುದಿಲ್ಲ. ಎಲ್ಲೋ ಯಾರೋ ತಪ್ಪಾಗಿ ತಿರುಗಿಸಿ ಅನಾಹುತವಾಗಿತ್ತಂತೆ. ಅಂದರೆ, ಕರೆಂಟ್ ಹೋದಾಗಿನಿಂದ ಬರುವವರೆಗೆ ಮೆಷಿನ್ ತಾನಾಗಿ ಓಡುತ್ತಿದ್ದರೆ ನಾನು ಕೆಲಸಕ್ಕೆ ಹೋಗಬಹುದು. ನಡುವೆ ನಿಂತರೆ ಹೋಗಲಾಗದು. ನನ್ನ ಮಟ್ಟಿಗೆ ಬ್ಯಾಟರಿಯ ಪ್ರಶ್ನೆ ಇಷ್ಟೇ ಆಗಿತ್ತು.

ಬ್ಯಾಟರಿ ಅಂಗಡಿ ಬಸ್ ನಿಲ್ದಾಣದ ಹಿಂದೆ. ಒಳಗೆ ಮೂಗು ಸುಡುವ ಆಸಿಡ್ ವಾಸನೆ. ಅಂಗಡಿಯವರ ಅಂಗಿಯ ತುಂಬ ಆಸಿಡ್ ಸಿಡಿದ ತೂತುಗಳು, ಇಲಿ ಕಚ್ಚಿದ ಹಾಗೆ. ನಾನು ಬೇಕಾದ್ದು ಹೇಳಿದೆ: ಮೆಷಿನ್, ಒಂದು ಫ್ಯಾನ್, ಒಂದು ದೀಪ.

"ಮೂರು ದಾರಿ ಇದೆ ಮೇಡಂ," ಎಂದರು ಅವರು. "ಇದು ನೋಡಿ, ಲೆಡ್ ಬ್ಯಾಟರಿ. ಎರಡು ಬೇಕಾಗುತ್ತೆ. ಇನ್ವರ್ಟರ್ ಸೇರಿ ಅರವತ್ತೆರಡು ಸಾವಿರ. ಹೊಸದರಲ್ಲಿ ಮೂರೂವರೆ ಗಂಟೆ ಓಡಿಸುತ್ತೆ. ಇದು ಎಮ್ಮೆ ಸಾಕಿದ ಹಾಗೆ. ನೀರು ನಿಡಿ ನೋಡ್ತಾ ಇರ್ಬೇಕು, ಇಲ್ಲಾಂದ್ರೆ ಒದೆಯುತ್ತೆ. ನಿಮ್ಮ ಬೀದೀಲಿ ದಿನಾ ಹೋಗುತ್ತೆ ಅಂದ್ರಲ್ಲ, ಮೂರು ವರ್ಷಕ್ಕೆ ಮುದಿಯಾಗುತ್ತೆ."

"ಇದರ ಮೇಲೆ ಕೆಪ್ಯಾಸಿಟಿ ನೂರೈವತ್ತು ಅಂತಿದೆ. ಅಷ್ಟೂ ಸಿಗಲ್ವಾ?"

"ಅರ್ಧ ಸಿಗುತ್ತೆ. ಅರ್ಧಕ್ಕಿಂತ ಕೆಳಗೆ ಹಿಂಡಿದ್ರೆ ಬೇಗ ಸಾಯುತ್ತೆ." ಪಕ್ಕದ ಗೋಡೆಯ ಬಿಳಿ ಪೆಟ್ಟಿಗೆ ತೋರಿಸಿದರು. "ಇದು ಲಿಥಿಯಂ. ಒಂದು ಲಕ್ಷದ ಅರವತ್ತೈದು ಸಾವಿರ. ಒಂಬತ್ತೂವರೆ, ಹತ್ತು ಗಂಟೆ. ಹತ್ತು ವರ್ಷ ಗ್ಯಾರಂಟಿ. ಗೋಡೆಗೆ ಹಾಕಿ ಮರೆತುಬಿಡಿ."

ಮೂರನೆಯದು ಹಳೆಯ ವಿದ್ಯುತ್ ಸ್ಕೂಟರುಗಳಿಂದ ಕಿತ್ತು ಜೋಡಿಸಿದ್ದು, ಎಂಬತ್ತು ಸಾವಿರ. "ಅದು ಬೇರೆಯವರ ಮನೆಗಾದ್ರೆ ಕೊಡ್ತೀನಿ," ಎಂದರು. "ಉಸಿರಾಡೋ ಮೆಷಿನ್‌ಗೆ ಕೊಡಲ್ಲ."

ನಾನು ಹಾಳೆಯಲ್ಲಿ ಬರೆಯದೆ ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡಿದೆ, ಅಣ್ಣನೂ ತಂಗಿಯೂ ತಮ್ಮ ಮನೆಯಲ್ಲೇ ನೋಡಲಿ ಎಂದು. ಲೆಡ್ಡಿಗೆ ಮೊದಲ ಬೆಲೆ ಬರೆದೆ. ಮೂರು ವರ್ಷಕ್ಕೊಮ್ಮೆ ಹಳೆಯದನ್ನು ಕೊಟ್ಟು ಹೊಸದು ತರುವ ಮೂವತ್ತು ಸಾವಿರ ಬರೆದೆ. ಬಟ್ಟಿ ಇಳಿಸಿದ ನೀರು. ತುಂಬಿಸಿದ ಹತ್ತು ಯೂನಿಟ್ಟಿನಲ್ಲಿ ಏಳೇ ವಾಪಸು ಕೊಡುತ್ತದೆ, ಆ ನಷ್ಟ. ಮೂರೂವರೆ ಗಂಟೆ ದಾಟಿದ ದಿನಗಳಲ್ಲಿ ಖರ್ಚಾಗುವ ಸಿಲಿಂಡರ್, ವರ್ಷಕ್ಕೆ ಏಳು ಸಾವಿರ. ಹತ್ತು ವರ್ಷಕ್ಕೆ ಎಲ್ಲ ಕೂಡಿ ಎರಡು ಲಕ್ಷ ನಲವತ್ತೆರಡು ಸಾವಿರ. ಲಿಥಿಯಂ ಒಂದು ಲಕ್ಷದ ಅರವತ್ತೈದಕ್ಕೇ ನಿಂತಿತು. ಅಗ್ಗವೆಂದು ಕಂಡದ್ದು ತುಟ್ಟಿ, ತುಟ್ಟಿಯೆಂದು ಕಂಡದ್ದು ಅಗ್ಗ. ಹೆಜ್ಜೆ ಹೆಜ್ಜೆಯೂ ಸರಿಯಾಗಿತ್ತು.

ಎರಡು ವಿಷಯ ಇಲ್ಲಿ ಹೇಳಬೇಕು. ಒಂದು, ನನ್ನ ಸಂಬಳದ ಸಾಲನ್ನು ನಾನು ಹಾಕಲಿಲ್ಲ. ಒಮ್ಮೆ ಬರೆದು ಅಳಿಸಿದೆ. ಹೆತ್ತವಳನ್ನು ನೋಡಿಕೊಳ್ಳುವುದಕ್ಕೆ ಬೆಲೆ ಕಟ್ಟಿದ ಹಾಗೆ ಕಂಡಿತು. ಅಣ್ಣ ಅದನ್ನು ಓದಿ ಹುಬ್ಬೇರಿಸುವುದು ನನ್ನ ಕಣ್ಣಿಗೆ ಕಟ್ಟಿತು. ಲೆಕ್ಕದ ಮನೆಯಲ್ಲಿ ಹುಟ್ಟಿದವಳು, ಎಲ್ಲರನ್ನೂ ಎಣಿಸಿ ನನ್ನನ್ನೇ ಬಿಟ್ಟುಬಿಟ್ಟೆ. ಎರಡನೆಯದು, ಕೋಷ್ಟಕದ ಮೇಲಿನ ಒಂದು ಮನೆಯಲ್ಲಿ 'ಎಷ್ಟು ವರ್ಷಕ್ಕೆ' ಎಂದಿತ್ತು. ಅಲ್ಲಿ ನಾನು ಹತ್ತು ಎಂದು ಹಾಕಿದ್ದೆ. ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಅಣ್ಣ, ತಂಗಿಗೂ ನಾನೇ ಹೇಳಿದ್ದೆ. ಆದರೂ ಹತ್ತು ಹಾಕಿದೆ. ಅದು ಅಮ್ಮ ಹತ್ತು ವರ್ಷ ಬದುಕಲಿ ಎಂಬ ಪ್ರೀತಿಯಿಂದಲ್ಲ. ಹತ್ತು ಹಾಕಿದರೆ ಮಾತ್ರ ಲಿಥಿಯಂ ಗೆಲ್ಲುತ್ತಿತ್ತು.

ಅಣ್ಣ ಭಾನುವಾರ ಬಂದ. ದೊಡ್ಡ ಕಂಪನಿಯ ಖರೀದಿ ವಿಭಾಗದಲ್ಲಿದ್ದಾನೆ, ಮೂರು ಕೊಟೇಶನ್ ಇಲ್ಲದೆ ಪೆನ್ಸಿಲನ್ನೂ ಕೊಳ್ಳುವವನಲ್ಲ. ಬ್ಯಾಟರಿಗೆ ದುಡ್ಡು ತಾನು ಕೊಡುತ್ತೇನೆಂದು ಒಪ್ಪಿದ್ದ. ಅಮ್ಮನ ಕೋಣೆಯಲ್ಲಿ ಹತ್ತು ನಿಮಿಷ ಕೂತು, ಅವಳ ಕಾಲು ಮುಟ್ಟಿ "ಊದಿದೆಯಲ್ಲಮ್ಮ" ಎಂದು ಹೇಳಿ, ಅಡುಗೆಮನೆಗೆ ಬಂದು ನನ್ನ ಕಂಪ್ಯೂಟರ್ ಮುಂದೆ ಕೂತ. ನಾನು ಟೀ ಸೋಸುತ್ತಿದ್ದೆ.

"ಎಲ್ಲ ಚೆನ್ನಾಗಿ ಮಾಡಿದ್ದೀಯ," ಎಂದ. "ಇದೊಂದು ಮಾತ್ರ."

ತಿರುಗಿ ನೋಡಿದೆ. ಅವನು ಹತ್ತನ್ನು ಅಳಿಸಿ ಮೂರು ಒತ್ತಿದ. ಕೆಳಗಿನ ಅಂಕಿಗಳೆಲ್ಲ ಗಿರ್ರನೆ ಬದಲಾದವು. ಲೆಡ್ ಎಂಬತ್ತೊಂಬತ್ತು ಸಾವಿರಕ್ಕೆ ಇಳಿಯಿತು. ಲಿಥಿಯಂ ಇದ್ದಲ್ಲೇ ಇತ್ತು.

ನಾನು ಸೋಸುತ್ತಿದ್ದ ಟೀ ಬಟ್ಟಲಿನ ಅಂಚು ದಾಟಿ ತಟ್ಟೆಗಿಳಿಯಿತು.

"ಇದನ್ನ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ," ಎಂದ ಅಣ್ಣ, ಪರದೆಯನ್ನೇ ನೋಡುತ್ತ. "ನಮಗೇ ಗೊತ್ತಿರಲಿ ಅಷ್ಟೇ."

"ಮೂರೂವರೆ ಗಂಟೆಗೆ ನಿಂತುಹೋದ್ರೆ?"

"ನೀನು ಇರ್ತೀಯಲ್ಲ ಮನೇಲಿ."

"ಒಂದನೇ ತಾರೀಕಿಂದ ಕೆಲಸಕ್ಕೆ ಹೋಗ್ಬೇಕು ನಾನು."

ಅವನಿಗೆ ನಿಜವಾಗಿಯೂ ಆಶ್ಚರ್ಯವಾದಂತೆ ಕಂಡಿತು. ನನಗೆ ಚುಚ್ಚಿದ್ದು ಅದು. "ಈ ವಯಸ್ಸಲ್ಲಿ ಇನ್ನೆಷ್ಟು ವರ್ಷ ಬಿಡೇ," ಎಂದ. "ನಿನಗೇನು ಹೊರೆಯಾ ಹೊಣೆಯಾ? ಖರ್ಚಿಗೆ ನಾನು ಕೊಡ್ತೀನಿ. ಅತ್ತಿಗೆಗೂ ಹೇಳಿದ್ದೀನಿ."

ಹೇಳಿದ್ದೀನಿ ಎಂದನೇ ಹೊರತು ಅತ್ತಿಗೆ ಏನು ಹೇಳಿದಳೆಂದು ಹೇಳಲಿಲ್ಲ. ತಂಗಿ ಫೋನಿನಲ್ಲಿ ಕೋಷ್ಟಕ ನೋಡಿ ಎರಡೂ ಕೈ ಮುಗಿದ ಚಿತ್ರ ಕಳಿಸಿದಳು. ಅದರ ಹಿಂದೆಯೇ, "ಅಕ್ಕ, ಅಣ್ಣ, ನೀವಿಬ್ಬರು ಹೇಗೆ ಹೇಳಿದ್ರೆ ಹಾಗೆ." ಅವಳು ಚಿಕ್ಕಂದಿನಿಂದಲೂ ಹಾಗೇ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕೊನೆಯ ಸಹಿ ಅಮ್ಮನದು. ನನ್ನ ಕೈಲಿ ಬೇಡವೆನ್ನಲಾಗಲಿಲ್ಲ. ಹಾಳೆಯಿಲ್ಲದೆ ಅವಳು ಬಿಡುವವಳಲ್ಲ. ಅಣ್ಣ ಬೀದಿಯ ತುದಿಯ ಅಂಗಡಿಗೆ ಹೋಗಿ ಮುದ್ರಿಸಿಕೊಂಡು ಬಂದು, ಮೂರು ಇದ್ದ ಹಾಳೆಯನ್ನು ಹಾಗೆಯೇ ಅವಳ ತೊಡೆಯ ಮೇಲಿಟ್ಟು, ಪಾರ್ಕಿಂಗ್‌ನಲ್ಲಿ ಗಾಡಿ ಅಡ್ಡ ನಿಂತಿದೆ ಎಂದು ನೆಪ ಹೇಳಿ ಜಾರಿಕೊಂಡ.

ಅಮ್ಮ ಕನ್ನಡಕ ಹಾಕಿಕೊಂಡಳು. ನಳಿಕೆಯೂ ಕನ್ನಡಕದ ಕಡ್ಡಿಯೂ ಕಿವಿಯ ಹಿಂದೆ ಸಿಕ್ಕಿಕೊಳ್ಳುತ್ತವೆ. ನಾನು ಬಿಡಿಸಿದೆ. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ಪರೀಕ್ಷೆಯ ಕಾಗದ ತಿದ್ದುವಾಗಿನಂತೆ ತುಟಿ ಸ್ವಲ್ಪ ಅಲ್ಲಾಡುತ್ತ. ಬೆರಳು ಮತ್ತೆ ಮೇಲಕ್ಕೆ ಹೋಗಿ ಒಂದು ಕಡೆ ನಿಂತಿತು.

"ಈ ಮೂರು ಯಾರು ಹಾಕಿದ್ದು?"

"ಅಂದಾಜು ಅಮ್ಮ."

"ಅಂದಾಜು ಅಂದ್ರೆ ಎರಡೂ ಕಡೆ ಗಡಿ ಹೇಳ್ಬೇಕು. ಎಷ್ಟಕ್ಕಿಂತ ಕಡಿಮೆ ಅಲ್ಲ, ಎಷ್ಟಕ್ಕಿಂತ ಜಾಸ್ತಿ ಅಲ್ಲ." ಉಸಿರು ತೆಗೆದುಕೊಂಡಳು. "ಡಾಕ್ಟ್ರು ಹೇಳಿದ್ದಾ?"

ನಾನು ಮೆಷಿನ್ನಿನ ಕಡೆ ನೋಡಿದೆ. ಅವಳಿಗೆ ಉತ್ತರ ಸಿಕ್ಕಿತು.

"ಒಳ್ಳೆ ಉದಾರಿ ಡಾಕ್ಟ್ರು," ಎಂದಳು. ಮತ್ತೆ ಓದಿದಳು. "ಇಲ್ಲೊಂದು ಹೆಜ್ಜೆ ತಪ್ಪಿದೆ. ಮೂರು ವರ್ಷಕ್ಕೆ ಆ ಲಿಥಿಯಂ ಸುಟ್ಟುಹೋಗಲ್ಲ ತಾನೆ? ಏಳು ವರ್ಷ ಬಾಕಿ ಇರುತ್ತೆ. ಮಾರಿದ್ರೂ ದುಡ್ಡು, ಇಟ್ಕೊಂಡ್ರೂ ದುಡ್ಡು. ಅದನ್ನ ಕಳೆದಿಲ್ಲ ನೀವು."

ನನ್ನ ಎದೆ ಹಗುರಾಯಿತು. ಎಪ್ಪತ್ತಾರು ವರ್ಷದ, ಒಂದು ಮಾತಿಗೆ ಎರಡು ಸಲ ಉಸಿರು ಹುಡುಕುವ ಹೆಂಗಸು, ಖರೀದಿ ವಿಭಾಗದವನ ಲೆಕ್ಕವನ್ನು ಕುಳಿತಲ್ಲೇ ಹಿಡಿದಿದ್ದಳು. "ಹೌದಲ್ಲಮ್ಮ. ಅದನ್ನ ಕಳೆದ್ರೆ ಲಿಥಿಯಂ ಅಗ್ಗ."

ಅಮ್ಮ ಕನ್ನಡಕ ತೆಗೆದು ಹಾಳೆಯ ಮೇಲಿಟ್ಟಳು.

"ಇರ್ಲಿ ಬಿಡು. ಲೆಡ್ಡೇ ಹಾಕ್ಸಿ. ಸಾಯೋ ಮುದುಕಿಗೆ ಒಂದೂವರೆ ಲಕ್ಷದ ಡಬ್ಬಿ ಯಾಕೆ?"

ಪೆನ್ನು ಕೇಳಿ ಸಹಿ ಮಾಡಿದಳು. ತಪ್ಪು ಹೆಜ್ಜೆಯನ್ನು ತಾನೇ ತೋರಿಸಿ ಪೂರ್ತಿ ಅಂಕ ಕೊಟ್ಟದ್ದು ನಾನು ಕಂಡಂತೆ ಅದೇ ಮೊದಲು. ಮಗನ ಜೇಬಿಗೆ ಭಾರವಾಗಬಾರದೆಂಬ ತ್ಯಾಗ ಎಂದುಕೊಂಡೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಅತ್ತೆ. ಹತ್ತು ಹಾಕಿದ್ದಕ್ಕೆ ನಾಚಿಕೆಯಾಯಿತು. ಆವತ್ತು ಸಂಜೆ ಮೇಲ್ವಿಚಾರಕಿಗೆ ಫೋನ್ ಮಾಡಿ ಬರುವುದಿಲ್ಲವೆಂದು ಹೇಳುವವಳಿದ್ದೆ. ನಂಬರು ಒತ್ತುವಷ್ಟರಲ್ಲಿ ತಂಗಿಯ ಫೋನ್ ಬಂತು.

"ಲೆಡ್ ಅಂತ ಆಯ್ತಂತೆ. ಬೇಜಾರಾಯ್ತಾ ಅಕ್ಕ?"

"ಅಮ್ಮನೇ ಸಹಿ ಹಾಕಿದ್ಲು. ನಾನೇನು ಹೇಳ್ಲಿ? ಅಣ್ಣನಿಗೆ ಖರ್ಚಾಗುತ್ತೆ ಅಂತ ಅವಳಿಗೆ."

ತಂಗಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

"ಖರ್ಚಿಗಲ್ಲ ಅಕ್ಕ," ಎಂದಳು. "ನಾನು ಹೇಳಿದೆ ಅಂತ ಹೇಳ್ಬೇಡ. ಅಮ್ಮ ಹೋದ ವಾರಾನೇ ನಂಗೆ ಫೋನ್ ಮಾಡಿದ್ಲು. ಆಗ ನೀನು ಅಂಗಡಿಗೆ ಹೋಗಿದ್ದೆ. ದೊಡ್ಡ ಬ್ಯಾಟರಿ ಬಂದ್ರೆ ಇವಳು ನನ್ನ ಬಿಟ್ಟು ಕೆಲಸಕ್ಕೆ ಹೊರಟುಬಿಡ್ತಾಳೆ, ಚಿಕ್ಕದೇ ಆಗ್ಲಿ ಅಂತ ಅಣ್ಣನಿಗೂ ಹೇಳು ಅಂದ್ಲು. ಹೆದರಿಕೆ ಕಣೇ ಅವಳಿಗೆ, ಪಾಪ."

"ಅಣ್ಣನಿಗೆ ಹೇಳಿದ್ಯಾ?"

"ಹೇಳ್ದೆ."

ನಾನು ಫೋನ್ ಇಟ್ಟೆ. ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು, ನಿದ್ದೆಯೋ ನಟನೆಯೋ. ನಾನೂ ಅಣ್ಣನೂ ಕೋಷ್ಟಕದ ಆ ಒಂದು ಮನೆಯಲ್ಲಿ ನಮಗೆ ಬೇಕಾದ ಅಂಕಿ ಹಾಕಿದ್ದೆವು. ನಾನು ಹತ್ತು, ಅಣ್ಣ ಮೂರು. ಅಮ್ಮ ಅಂಕಿಯನ್ನೇ ಮುಟ್ಟಲಿಲ್ಲ, ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಹೆಜ್ಜೆಗಳನ್ನು ನಮ್ಮ ಕೈಯಲ್ಲಿ ಬರೆಸಿದ್ದಳು. ಹೆದರಿಕೆ ಎಂದಿದ್ದಳು ತಂಗಿ. ಹೆದರಿಕೆಯೇ. ಅದನ್ನು ನನ್ನ ಮುಂದೆ ಒಂದು ಸಲ ಹೇಳಿದ್ದರೆ, ನಾನು ಎಂಟು ತಿಂಗಳು ಇದ್ದ ಹಾಗೆ ಇನ್ನೆಂಟು ತಿಂಗಳು ಇದ್ದುಬಿಡುತ್ತಿದ್ದೆನೋ ಏನೋ. ಹೇಳಲಿಲ್ಲ. ಸಾಯೋ ಮುದುಕಿ ಎಂದಳು, ನಾನು ಅಳಲೆಂದು.

ಮಾರನೆಯ ದಿನ ಅಂಗಡಿಗೆ ಹೋಗಿ ನನ್ನ ಉಳಿತಾಯದಿಂದ ಲಿಥಿಯಂ ಕೊಂಡೆ. ಅಂಗಡಿಯವರು, "ಮನೆಯವರು ಒಪ್ಪಿದ್ರಾ ಮೇಡಂ?" ಎಂದು ಕೇಳಿದರು. "ಇಪ್ಪತ್ತಮೂರು ವರ್ಷ ದುಡಿದವಳು ಒಪ್ಪಿದ್ದಾಳೆ," ಎಂದೆ. ಅವರಿಗೆ ಅರ್ಥವಾಗಲಿಲ್ಲ, ರಸೀದಿ ಬರೆದುಕೊಟ್ಟರು.

ಬಿಳಿ ಪೆಟ್ಟಿಗೆ ಅಮ್ಮನ ಕೋಣೆಯ ಹೊರಗಿನ ಗೋಡೆಗೆ ಏರಿತು. ಎಷ್ಟು ತುಂಬಿದೆಯೆಂದು ಅದರ ಮೇಲೆ ಹಸಿರು ಅಂಕಿ. ಮೊದಲ ಸಲ ಕರೆಂಟ್ ಹೋದಾಗ ಮೆಷಿನ್ ಕೂಗಲೂ ಇಲ್ಲ, ನಿಲ್ಲಲೂ ಇಲ್ಲ. ನಾನು ಅಡುಗೆಮನೆಯಿಂದ ಅಭ್ಯಾಸಬಲದಿಂದ ಓಡಿಬಂದು, ಮಾಡುವುದಕ್ಕೇನೂ ಇಲ್ಲದೆ ನಿಂತೆ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಯಾ ಬಂದು ಪರಿಚಯ ಮಾಡಿಕೊಂಡಾಗ, "ಎಷ್ಟು ಕೊಡ್ತಾಳೆ ನಿಂಗೆ?" ಎಂದಷ್ಟೇ ಕೇಳಿದಳು. ಅಣ್ಣನ ಫೋನ್ ಬಂತು.

"ದುಡ್ಡು ಜಾಸ್ತಿ ಇದೆ ಅಂತ ಮೊದಲೇ ಹೇಳಿದ್ರೆ ನಾನ್ಯಾಕೆ ಭಾನುವಾರ ಹಾಳು ಮಾಡ್ಕೊಳ್ತಿದ್ದೆ?"

"ನಿನ್ನ ಅರವತ್ತೆರಡು ಸಾವಿರ ಉಳೀತಲ್ಲ ಅಣ್ಣ, ಆಯಾ ಸಂಬಳಕ್ಕೆ ಕಳಿಸು."

"ನೋಡೋಣ," ಎಂದ. ಅವನ ಇಲಾಖೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ.

ಒಂದನೇ ತಾರೀಕು ಕೆಲಸಕ್ಕೆ ಹೋದೆ. ಕೈಗವಸು ಹಾಕಿಕೊಂಡು ಮೊದಲ ಬಟ್ಟು ಎತ್ತಿಟ್ಟೆ. ನನ್ನ ಜಾಗದಲ್ಲಿದ್ದ ಹುಡುಗಿ ಮೇಜು ಒರೆಸಿಕೊಟ್ಟು, ಮುಖ ನೋಡದೆ, ಪಕ್ಕದ ಕೋಣೆಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ನಾನು ಹದಿನಾರು ಯಂತ್ರ ಮುಗಿಸಿದ್ದೆ. ಎಷ್ಟೋ ಹೊತ್ತು ಯಾರ ಉಸಿರನ್ನೂ ಕೇಳಿಸಿಕೊಳ್ಳದೆ ಕೂತಿದ್ದೆನೆಂದು ಊಟದ ಡಬ್ಬಿ ತೆರೆದಾಗ ಗೊತ್ತಾಯಿತು.

ಐದೂವರೆಗೆ ಮನೆಗೆ ಬಂದರೆ ಆಯಾ ಬಾಗಿಲಲ್ಲೇ ನಿಂತಿದ್ದಳು, ಚೀಲ ಹೆಗಲಿಗೇರಿಸಿಕೊಂಡು.

"ನಾನು ಮುಟ್ಟಿಲ್ಲಮ್ಮ, ಮೊದಲೇ ಹೇಳ್ತೀನಿ. ಹನ್ನೊಂದಕ್ಕೆ ಕರೆಂಟ್ ಹೋಯ್ತು. ಅಮ್ಮಾವ್ರು ತಾವೇ ಎದ್ದು ಮೆಷಿನ್ ಆಫ್ ಮಾಡಿ, ಸಿಲಿಂಡರ್ ಹಾಕ್ಕೊಂಡ್ರು. ಬೇಡ ಅಂದೆ. ನೀನು ಮುಟ್ಟೋ ಹಾಗಿಲ್ಲ ಅಲ್ವಾ, ಸುಮ್ನೆ ಕೂತ್ಕೋ ಅಂದ್ರು."

ಸಿಲಿಂಡರಿನ ಗುಂಡಿ ತಿರುಗಿಸುವ ಕೀಲಿ ಗೋಡೆಯ ಮೊಳೆಯಲ್ಲಿರಲಿಲ್ಲ. ಅಮ್ಮನ ದಿಂಬಿನ ಪಕ್ಕದಲ್ಲಿತ್ತು. ಗಾಳಿಯನ್ನು ಪೂರ್ತಿ ಬಿಟ್ಟಿದ್ದಳು. ಸಿಲಿಂಡರಿನ ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಕರೆಂಟ್ ಬಂದ ಮೇಲೆ ಮತ್ತೆ ಮೆಷಿನ್ನಿನ ನಳಿಕೆ ಹಾಕಿಕೊಂಡಿದ್ದಳು. ಹೊರಗಿನ ಗೋಡೆಯ ಹಸಿರು ಅಂಕಿ, ಏನೂ ಆಗಿಲ್ಲವೆಂಬಂತೆ, ನೂರು ತೋರಿಸುತ್ತಿತ್ತು.

ಆಯಾಳನ್ನು ಕಳಿಸಿ ಬಂದು ಮಂಚದ ಅಂಚಿನಲ್ಲಿ ಕೂತೆ.

"ಮೆಷಿನ್ ಓಡ್ತಾ ಇತ್ತಲ್ಲಮ್ಮ."

"ನಂಬಿಕೆ ಬರ್ಲಿಲ್ಲ."

"ನಿಂತಿದ್ರೆ ಹಾಕ್ಕೋಬಹುದಿತ್ತು. ಓಡೋದನ್ನ ನಿಲ್ಲಿಸಿ ಹಾಕ್ಕೊಂಡಿದ್ದೀಯ. ಖಾಲಿ ಮಾಡಿಟ್ಟಿದ್ದೀಯ. ನಿಜವಾಗ್ಲೂ ಬೇಕಾಗಿದ್ರೆ?"

ಅವಳು ನನ್ನನ್ನು ನೇರವಾಗಿ ನೋಡಿದಳು. ಬಹಳ ದಿನದ ಮೇಲೆ ಅವಳ ಕಣ್ಣಿನಲ್ಲಿ ಹಳೆಯ ಟೀಚರು ಇದ್ದಳು.

"ದಿನಕ್ಕೊಂದು ಸಿಲಿಂಡರ್ ಆದ್ರೆ ತಿಂಗಳಿಗೆ ಇಪ್ಪತ್ತಾರು, ನಿನ್ನ ರಜಾದಿನ ಬಿಟ್ಟು. ನಿನ್ನ ಸಂಬಳದಲ್ಲಿ ಅದನ್ನೂ ಆಯಾ ಸಂಬಳಾನೂ ಕಳಿ. ಬಸ್ಸಿನ ದುಡ್ಡೂ ಕಳಿ." ಉಸಿರಿಗಾಗಿ ನಿಂತಳು. "ನಿನ್ನ ಕೈಲಿ ಉಳಿಯೋದು ಎಷ್ಟು ಗೊತ್ತಾ? ನಾನ್ನೂರ ಐವತ್ತು. ನಾನ್ನೂರ ಐವತ್ತಕ್ಕೆ ಹೆತ್ತ ತಾಯಿನ ಕೂಲಿಯವಳ ಕೈಲಿ ಬಿಟ್ಟು ಹೋಗ್ತೀಯ."

ಹಗಲೆಲ್ಲ ಮಲಗಿ ಆ ಲೆಕ್ಕ ಹಾಕಿದ್ದಳು. ನಾನು ಮನಸ್ಸಿನಲ್ಲೇ ಕಳೆದು ನೋಡಿದೆ. ಸರಿಯಾಗಿತ್ತು.

"ಹೆದರಿಕೆ ಆಗುತ್ತೆ ಅಂತ ಹೇಳಮ್ಮ," ಎಂದೆ. "ಅಷ್ಟು ಹೇಳು. ಲೆಕ್ಕ ಬೇಡ."

ಅವಳ ಗದ್ದ ಸ್ವಲ್ಪ ಅಲುಗಿತು. ಹೇಳುತ್ತಾಳೆ ಅನಿಸಿತು. ನಾನು ನಿಜಕ್ಕೂ ಕಾದೆ. ಮೆಷಿನ್ ಗುರುಗುಟ್ಟುತ್ತಿತ್ತು.

"ನಂಗ್ಯಾಕೆ ಹೆದರಿಕೆ," ಎಂದಳು ಅಮ್ಮ. "ನಿನ್ನ ಒಳ್ಳೇದಕ್ಕೆ ಹೇಳ್ದೆ."

ರಾತ್ರಿ ಊಟ ಕೊಟ್ಟೆ, ಬೆನ್ನು ಒರೆಸಿದೆ, ಹಿಮ್ಮಡಿಗೆ ಎಣ್ಣೆ ಹಚ್ಚಿದೆ. ಎರಡು ಸಿಲಿಂಡರ್ ಬೆಳಗ್ಗೆ ಬೇಗ ಬರುವಂತೆ ಆಕ್ಸಿಜನ್ ಅಂಗಡಿಗೆ ಫೋನ್ ಮಾಡಿ ಹೇಳಿದೆ. ಬಂದವು. ಹುಡುಗರು ಒಂದನ್ನು ಜೋಡಿಸಿ ಹೋದ ಮೇಲೆ ಸೀರೆ ಉಟ್ಟುಕೊಂಡೆ, ಊಟದ ಡಬ್ಬಿ ಚೀಲಕ್ಕೆ ಹಾಕಿದೆ. ಆಮೇಲೆ ಅಮ್ಮನ ಕೋಣೆಗೆ ಹೋಗಿ, ಅವಳು ನೋಡುತ್ತಿದ್ದಂತೆಯೇ, ಸಿಲಿಂಡರಿನ ತಲೆಯಿಂದ ಕೀಲಿಯನ್ನು ಕಳಚಿ ಚೀಲಕ್ಕೆ ಹಾಕಿಕೊಂಡೆ.

ಕೀಲಿಯಿಲ್ಲದೆ ಆ ಗುಂಡಿ ಗಟ್ಟಿಮುಟ್ಟಾದ ಗಂಡಸಿನ ಕೈಗೂ ತಿರುಗುವುದಿಲ್ಲ.

"ಆ ಡಬ್ಬಿ ಕೆಟ್ರೆ?" ಎಂದಳು ಅಮ್ಮ. ದನಿ ಸಣ್ಣಗಿತ್ತು.

"ಆಯಾ ಫೋನ್ ಮಾಡ್ತಾಳೆ. ಬರ್ತೀನಿ."

ಆಕ್ಸಿಜನ್ ಇಲ್ಲದೆ ಅಲುಗಾಡದೆ ಮಲಗಿದ್ದರೆ ಅವಳು ಅರ್ಧ ಗಂಟೆ ತಡೆಯಬಲ್ಲಳು. ಕಾರ್ಖಾನೆಯಿಂದ ಮನೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಆ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದು ಇಡಲಿಲ್ಲ. ಅವಳು ಗೋಡೆಯ ಕಡೆ ತಿರುಗಿದಳು. ನಾನು ಹೊದಿಕೆ ಸರಿಮಾಡಿ ಹೊರಟೆ.

ಹನ್ನೊಂದೂಕಾಲಿಗೆ ಫೋನ್ ಬಂತು. ಎಡಗೈಯ ಗವಸು ಕಿತ್ತು ಎತ್ತಿಕೊಂಡೆ. ಆಯಾ, "ಕೊಡ್ತೀನಿ ಇರಿ, ಮಾತಾಡ್ಬೇಕಂತೆ" ಎಂದಳು.

"ಕರೆಂಟ್ ಹೋಯ್ತು," ಎಂದಳು ಅಮ್ಮ.

"ಮೆಷಿನ್?"

"ಓಡ್ತಿದೆ."

ಅವಳ ಉಸಿರು ಕಿವಿಗೆ ಬೀಳುತ್ತಿತ್ತು, ಒಳಗೆ ಚಿಕ್ಕದು, ಹೊರಗೆ ಉದ್ದ. ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಮೇಜಿನ ಆಚೆ ಮೇಲ್ವಿಚಾರಕಿ ಬಂದು ನಿಂತು, ನೋಡಿ ಹೋದಳು.

"ಎಷ್ಟು ಹೊತ್ತಿಗೆ ಬರ್ತೀಯ?" ಎಂದಳು ಅಮ್ಮ ಕೊನೆಗೆ.

"ಐದೂವರೆ."

"ಇನ್ನೂ ಆರು ಗಂಟೆ ಇದೆ," ಎಂದಳು. ಕಾಲು ಗಂಟೆ ಬಿಟ್ಟು ಹೇಳಿದ್ದಳು. ನಾನು ತಿದ್ದಲಿಲ್ಲ.